ಅಂಗಡಿಯ ಲಾಭ, ಮಾಲೀಕರ ತೆರಿಗೆ: ಕರಾವಳಿಯ ಸಣ್ಣ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

"ಅಕ್ಕ, ಅಂಗಡಿಯಿಂದ ನಾನು ಮನೆಗೆ ಒಯ್ಯುವುದು ತಿಂಗಳಿಗೆ 40,000 ರೂಪಾಯಿ. ವರ್ಷಕ್ಕೆ 4.80 ಲಕ್ಷ. ಅದೇ ನನ್ನ ಆದಾಯ, ಅಷ್ಟನ್ನೇ ಬರೆದುಬಿಡಿ."

ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವ ನನಗೆ ಪ್ರತಿ ಮಳೆಗಾಲದಲ್ಲಿ ಕೇಳಿಬರುವ ಮಾತು ಇದು. ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಕೈಗೆ ಬಂದದ್ದು ಅಷ್ಟೇ ಎಂಬುದು ನಿಜ. ಆದರೆ ಕಾನೂನು ಮಾಲೀಕರ ಕೈಯನ್ನು ನೋಡುವುದಿಲ್ಲ, ವ್ಯಾಪಾರ ಗಳಿಸಿದ ಲಾಭವನ್ನು ನೋಡುತ್ತದೆ. ಆ ಲಾಭ ಗೋದಾಮಿನಲ್ಲಿ ಸರಕಾಗಿ ಕೂತಿರಬಹುದು, ಗಿರಾಕಿಗಳ ಬಳಿ ಬಾಕಿಯಾಗಿ ಉಳಿದಿರಬಹುದು, ಬ್ಯಾಂಕಿನ ಕಂತಾಗಿ ಕರಗಿರಬಹುದು. ಎಲ್ಲಿದ್ದರೂ ಅದು ನಿಮ್ಮ ಆದಾಯವೇ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಮುಂದಿನ ಹೆಜ್ಜೆಗಳೆಲ್ಲ ಹಗುರವಾಗುತ್ತವೆ. ಮಂಗಳೂರು, ಉಡುಪಿಯ ಅಂಗಡಿಕಾರರನ್ನು, ದೋಣಿ ಮಾಲೀಕರನ್ನು, ಅಡುಗೆ ಗುತ್ತಿಗೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಕೊಟ್ಟಿರುವ ದರಗಳು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಗಳಿಕೆಗೆ ಅನ್ವಯಿಸುತ್ತವೆ. ಆ ವರ್ಷದ ರಿಟರ್ನ್ ಹಳೆಯ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರವೇ ಸಲ್ಲಿಕೆಯಾಗುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಗಳಿಕೆ ಆದ ವರ್ಷಕ್ಕೆ ಹಿಂದಿನ ವರ್ಷ, ಅದರ ಲೆಕ್ಕ ಒಪ್ಪಿಸುವ ಮರುವರ್ಷಕ್ಕೆ ನಿರ್ಧರಣಾ ವರ್ಷ ಎಂಬ ಎರಡು ಹೆಸರುಗಳ ಬದಲಿಗೆ ತೆರಿಗೆ ವರ್ಷ ಎಂಬ ಒಂದೇ ಹೆಸರು ಬಂದಿದೆ.

ಮೊದಲ ಹೆಜ್ಜೆ: ವ್ಯಾಪಾರ ಯಾರ ಹೆಸರಿನಲ್ಲಿದೆ?

ಬೋರ್ಡಿನ ಮೇಲೆ ದೇವರ ಹೆಸರಿದ್ದರೂ ಮಗಳ ಹೆಸರಿದ್ದರೂ, ಒಬ್ಬರೇ ನಡೆಸುವ ಅಂಗಡಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಪ್ರತ್ಯೇಕ ಅಸ್ತಿತ್ವವಿಲ್ಲ. ಮಾಲೀಕರ ಪಾನ್ ಸಂಖ್ಯೆಯೇ ಅಂಗಡಿಯ ಪಾನ್. ಅಂಗಡಿಯ ಲಾಭವು ಅವರ ಬ್ಯಾಂಕ್ ಬಡ್ಡಿ, ಮನೆ ಬಾಡಿಗೆ ಇತ್ಯಾದಿಗಳ ಜೊತೆ ಸೇರಿ ಒಟ್ಟು ಆದಾಯವಾಗುತ್ತದೆ. ಹೀಗಾಗಿ ಒಂಟಿ ಮಾಲೀಕರು ತಮಗೆ ತಾವೇ ಸಂಬಳ ಕೊಟ್ಟುಕೊಂಡು ಅದನ್ನು ಖರ್ಚಿನಲ್ಲಿ ತೋರಿಸುವಂತಿಲ್ಲ. ಮನೆಗೆ ತೆಗೆದ ಹಣ ಬಂಡವಾಳದಿಂದ ತೆಗೆದದ್ದು ಎಂದೇ ಲೆಕ್ಕ. ದಿನಸಿ ಅಂಗಡಿಯವರು ಮನೆಗೆ ಒಯ್ದ ಅಕ್ಕಿ, ಎಣ್ಣೆಗೂ ಇದೇ ನಿಯಮ.

ಅಣ್ಣ ತಮ್ಮಂದಿರು ಅಥವಾ ಗೆಳೆಯರು ಸೇರಿ ಪಾಲುದಾರಿಕೆ ಸಂಸ್ಥೆ ಮಾಡಿದ್ದರೆ ಕಥೆ ಬೇರೆ. ಸಂಸ್ಥೆಗೆ ತನ್ನದೇ ಪಾನ್, ತನ್ನದೇ ತೆರಿಗೆ. ದರ ಒಂದೇ: ಶೇ 30, ಆ ತೆರಿಗೆಯ ಮೊತ್ತದ ಮೇಲೆ ಶೇ 4ರ ಸೆಸ್ ಎಂಬ ಉಪಕರ. ಮೊದಲ ರೂಪಾಯಿಯಿಂದಲೇ ತೆರಿಗೆ, ವ್ಯಕ್ತಿಗಳಿಗಿರುವ ವಿನಾಯಿತಿ ಮಿತಿ ಇಲ್ಲ. ನಷ್ಟವಾದರೂ ರಿಟರ್ನ್ ಕಡ್ಡಾಯ. ತೆರಿಗೆ ಕಟ್ಟಿದ ಮೇಲೆ ಪಾಲುದಾರರಿಗೆ ಹಂಚಿದ ಲಾಭಕ್ಕೆ ಅವರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಎಲ್‌ಎಲ್‌ಪಿಗೂ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಇದೇ ದರ. ಖಾಸಗಿ ಕಂಪನಿ ಕಟ್ಟಿದವರ ವಿಷಯ ಬೇರೆಯೇ ಆದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಪಾಲುದಾರಿಕೆಯಲ್ಲಿ ನನಗೆ ನಿಜಕ್ಕೂ ಸಂಕಟ ತರುವ ಸಂಗತಿ ಪಾಲುಪತ್ರ. ಯಾರದೋ ಹಳೆಯ ಪತ್ರದ ನಕಲು ತೆಗೆದು, ಹೆಸರು ಬದಲಿಸಿ, ಛಾಪಾ ಕಾಗದದ ಮೇಲೆ ಸಹಿ ಹಾಕಿಬಿಡುತ್ತಾರೆ. ಅದರಲ್ಲಿ ದುಡಿಯುವ ಪಾಲುದಾರರ ಸಂಬಳದ ಮಾತೇ ಇರುವುದಿಲ್ಲ. ಇದರ ಬೆಲೆ ಎಷ್ಟೆಂದು ನೋಡಿ. ಇಬ್ಬರು ಸಹೋದರರು ಹಾರ್ಡ್‌ವೇರ್ ವ್ಯಾಪಾರದಲ್ಲಿ ವರ್ಷಕ್ಕೆ 10 ಲಕ್ಷ ಲಾಭ ಮಾಡಿದರು ಎಂದುಕೊಳ್ಳಿ. ಪತ್ರದಲ್ಲಿ ಸಂಬಳದ ಷರತ್ತು ಇಲ್ಲದಿದ್ದರೆ ಪೂರ್ತಿ 10 ಲಕ್ಷಕ್ಕೆ ಸೆಸ್ ಸೇರಿ 3,12,000 ರೂಪಾಯಿ ತೆರಿಗೆ. ಷರತ್ತು ಇದ್ದರೆ ಮೊದಲ 6 ಲಕ್ಷದ ಲಾಭದಲ್ಲಿ ಶೇ 90, ಉಳಿದದ್ದರಲ್ಲಿ ಶೇ 60 ಸಂಬಳವಾಗಿ ಕಳೆಯಬಹುದು. ಅಂದರೆ 5.40 ಲಕ್ಷ ಮತ್ತು 2.40 ಲಕ್ಷ, ಒಟ್ಟು 7.80 ಲಕ್ಷ. ಸಂಸ್ಥೆಯಲ್ಲಿ ಉಳಿಯುವುದು 2.20 ಲಕ್ಷ, ಅದಕ್ಕೆ ತೆರಿಗೆ 68,640 ರೂಪಾಯಿ. ಸಹೋದರರಿಗೆ ತಲಾ 3.90 ಲಕ್ಷ ಸಂಬಳ. ಬೇರೆ ಆದಾಯವಿಲ್ಲದಿದ್ದರೆ ಹೊಸ ಪದ್ಧತಿಯಲ್ಲಿ (ಅದರ ದರಗಳು ಐದನೆಯ ಹೆಜ್ಜೆಯಲ್ಲಿವೆ) ಅದಕ್ಕೆ ತೆರಿಗೆ ಇಲ್ಲ. ಎರಡು ಸಾಲಿನ ಷರತ್ತು ಉಳಿಸಿದ್ದು ಸುಮಾರು 2.43 ಲಕ್ಷ. ಬಂಡವಾಳದ ಮೇಲೆ ಶೇ 12ರವರೆಗೆ ಬಡ್ಡಿಯನ್ನೂ ಕಳೆಯಬಹುದು, ಅದನ್ನೂ ಪತ್ರದಲ್ಲಿ ಬರೆದಿರಬೇಕು. ಸಂಬಳ ಎಷ್ಟು ಅಥವಾ ಅದನ್ನು ಲೆಕ್ಕ ಹಾಕುವ ಬಗೆ ಯಾವುದು ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಲಿ. "ಪಾಲುದಾರರು ಒಪ್ಪಿದಂತೆ" ಎಂದಷ್ಟೇ ಬರೆದರೆ ತಕರಾರು ಬರುತ್ತದೆ.

2025ರ ಏಪ್ರಿಲ್‌ನಿಂದ ಇನ್ನೊಂದು ಜವಾಬ್ದಾರಿ ಸೇರಿದೆ. ಒಬ್ಬ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ಎಲ್ಲ ಸೇರಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೆ ಸಂಸ್ಥೆಗೆ ಟಾನ್ ಎಂಬ, ಟಿಡಿಎಸ್ ಹಿಡಿಯುವವರ ಸಂಖ್ಯೆ ಬೇಕು. ಹಿಡಿದ ಹಣ ಪಾಲುದಾರರ ರಿಟರ್ನ್‌ನಲ್ಲಿ ಜಮೆಯಾಗಿ ವಾಪಸು ಸಿಗುತ್ತದೆ, ಆದರೆ ಹಿಡಿಯುವುದನ್ನೇ ಮರೆತರೆ ಸಂಸ್ಥೆಗೆ ಬಡ್ಡಿ ಬೀಳುತ್ತದೆ.

ಎರಡನೆಯ ಹೆಜ್ಜೆ: ಹಣವನ್ನು ಬೇರ್ಪಡಿಸಿ

ವ್ಯಾಪಾರಕ್ಕೆಂದೇ ಒಂದು ಬ್ಯಾಂಕ್ ಖಾತೆ ಇರಲಿ. ಅಂಗಡಿಯ ಯುಪಿಐ ಫಲಕ ಆ ಖಾತೆಗೆ ಮಾತ್ರ ಜೋಡಣೆಯಾಗಿರಲಿ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿದಾಗ ಎಷ್ಟೋ ಮಂದಿ ಫಲಕವನ್ನೇ ಕಿತ್ತು ಒಳಗಿಟ್ಟರು. ಫಲಕ ಕಿತ್ತರೆ ಸಮಸ್ಯೆ ಹೋಗುವುದಿಲ್ಲ. ಬಂದ ಹಣದಲ್ಲಿ ಯಾವುದು ವ್ಯಾಪಾರದ್ದು, ಯಾವುದು ಅಲ್ಲ ಎಂದು ತೋರಿಸುವ ದಾಖಲೆ ಇದ್ದವರು ನಿರಾಳವಾಗಿ ಉತ್ತರ ಕೊಡಬಹುದು.

ನಮ್ಮ ಊರಿನಲ್ಲಿ ಇದು ಇನ್ನೂ ಮುಖ್ಯ. ದುಬೈಯಲ್ಲೋ ಕುವೈತ್‌ನಲ್ಲೋ ಇರುವ ಅಣ್ಣ ಅಮ್ಮನ ಔಷಧಿಗೆ, ಮನೆ ಕಟ್ಟುವುದಕ್ಕೆ ಹಣ ಕಳುಹಿಸುತ್ತಾನೆ. ಸುಲಭವೆಂದು ಅದು ಅಂಗಡಿಯ ಖಾತೆಗೇ ಬರುತ್ತದೆ. ಒಡಹುಟ್ಟಿದವರು, ತಂದೆ ತಾಯಿ, ಗಂಡ ಹೆಂಡತಿ ಕೊಟ್ಟ ಹಣ ಎಷ್ಟಿದ್ದರೂ ಆದಾಯವಲ್ಲ. ಆದರೆ ಅಂಗಡಿ ಖಾತೆಯಲ್ಲಿ ಮಾರಾಟದ ಹಣದೊಡನೆ ಕಲೆತುಹೋದರೆ ಅದನ್ನು ಬಿಡಿಸಿ ತೋರಿಸುವ ಹೊಣೆ ನಿಮ್ಮದು. ಗೆಳೆಯರು ಉಡುಗೊರೆಯಾಗಿ ಕೊಟ್ಟ ಹಣ ವರ್ಷಕ್ಕೆ 50,000 ದಾಟಿದರೆ ಅದು ತೆರಿಗೆಗೆ ಒಳಪಡುತ್ತದೆ ಎಂಬುದೂ ನೆನಪಿರಲಿ. ಚೀಟಿ ಹಣ, ಸೊಸೈಟಿ ಸಾಲ, ಮಗಳ ಮದುವೆಗೆ ಮಾರಿದ ಚಿನ್ನದ ಹಣ, ಇವೆಲ್ಲ ಉಳಿತಾಯ ಖಾತೆಗೆ ಹೋಗಲಿ.

ಮೂರನೆಯ ಹೆಜ್ಜೆ: ನಿಜವಾದ ಲಾಭವನ್ನು ಕಂಡುಹಿಡಿಯಿರಿ

ದೀಪಾವಳಿಯ ಅಂಗಡಿ ಪೂಜೆಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವ ಸಂಪ್ರದಾಯ ನಮ್ಮಲ್ಲಿ ಇಂದಿಗೂ ಉಳಿದಿದೆ, ಅದನ್ನು ನೋಡುವುದೇ ನನಗೆ ಸಂತೋಷ. ಆದರೆ ಆದಾಯ ತೆರಿಗೆಯ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಆ ಸಂಜೆ ಬಾಗಿಲು ಹಾಕಿ, ಉಳಿದಿರುವ ಸರಕನ್ನು ಎಣಿಸಿ ಕೊಂಡ ಬೆಲೆಯಲ್ಲಿ ಪಟ್ಟಿ ಮಾಡಿ. ಲಾಭದ ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಈ ಪಟ್ಟಿ ಇಲ್ಲದೆ.

ಆರಂಭದಲ್ಲಿ ಹೇಳಿದ "ತಿಂಗಳಿಗೆ 40,000" ಎಂಬ ಮಾತು ಉಡುಪಿಯ ರಥಬೀದಿಯ ಒಬ್ಬ ಬಟ್ಟೆ ವ್ಯಾಪಾರಿಯದು ಎಂದು ಊಹಿಸಿಕೊಂಡು ಲೆಕ್ಕ ಮಾಡೋಣ. ವರ್ಷದ ಮಾರಾಟ 64 ಲಕ್ಷ. ಏಪ್ರಿಲ್ 1ಕ್ಕೆ ಇದ್ದ ಸರಕು 12 ಲಕ್ಷ, ಖರೀದಿ 51 ಲಕ್ಷ, ಮಾರ್ಚ್ 31ಕ್ಕೆ ಉಳಿದದ್ದು 14 ಲಕ್ಷ. ಅಂದರೆ ಮಾರಿದ ಬಟ್ಟೆಯ ಅಸಲು 49 ಲಕ್ಷ. 15 ಲಕ್ಷದ ಅಂತರದಿಂದ ಬಾಡಿಗೆ 2.40 ಲಕ್ಷ, ಕೆಲಸದವರ ಸಂಬಳ 2.10 ಲಕ್ಷ, ವಿದ್ಯುತ್, ಫೋನ್, ಸಾಗಾಟ, ಸಾಲದ ಬಡ್ಡಿ ಎಲ್ಲ ಸೇರಿ 1 ಲಕ್ಷ ಕಳೆಯಿರಿ. ಲಾಭ 9.50 ಲಕ್ಷ.

"ಅಷ್ಟು ಹಣ ನಾನು ಕಣ್ಣಿನಲ್ಲೇ ನೋಡಿಲ್ಲ" ಎನ್ನುತ್ತಾರೆ ಅವರು. ನೋಡಿದ್ದಾರೆ, ಗುರುತಿಸಿಲ್ಲ. ಮನೆಗೆ 4.80 ಲಕ್ಷ ಹೋಯಿತು. ಸರಕು 2 ಲಕ್ಷದಷ್ಟು ಹೆಚ್ಚಾಯಿತು. ಸಾಲದ ಅಸಲಿಗೆ 1.50 ಲಕ್ಷ ಕಟ್ಟಿದರು. ಗಿರಾಕಿಗಳಿಂದ ಬರಬೇಕಾದ ಉದ್ದರಿ ಬಾಕಿ 1.20 ಲಕ್ಷ ಇದೆ. ಕೂಡಿಸಿ ನೋಡಿ, ಸರಿಯಾಗಿ 9.50 ಲಕ್ಷ.

ಖರ್ಚೆಂದು ತಿಳಿದು ಬರೆದುಬಿಡುವ, ಆದರೆ ಖರ್ಚಲ್ಲದ ಕೆಲವು ಇಲ್ಲಿ ಬರುತ್ತವೆ. ಸಾಲದ ಅಸಲು ಖರ್ಚಲ್ಲ, ಬಡ್ಡಿ ಖರ್ಚು. ಅಂಗಡಿಗೆ ಕೊಟ್ಟ ಮುಂಗಡ ಠೇವಣಿ ಖರ್ಚಲ್ಲ, ತಿಂಗಳ ಬಾಡಿಗೆ ಖರ್ಚು. ಫ್ರಿಜ್, ಹೊಲಿಗೆ ಯಂತ್ರ, ಕಂಪ್ಯೂಟರ್ ಕೊಂಡರೆ ಪೂರ್ತಿ ಬೆಲೆ ಆ ವರ್ಷದ ಖರ್ಚಾಗದು, ವರ್ಷ ವರ್ಷ ಸವಕಳಿ ಎಂದು ಕಳೆಯಬೇಕು. ಯಂತ್ರಗಳಿಗೆ ಶೇ 15, ಪೀಠೋಪಕರಣಕ್ಕೆ ಶೇ 10, ಕಂಪ್ಯೂಟರಿಗೆ ಶೇ 40. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ.

ನಗದು ಪಾವತಿಗೂ ಮಿತಿ ಇದೆ. ಒಬ್ಬರಿಗೆ ಒಂದೇ ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸರಕು ಸಾಗಣೆಯವರಿಗೆ ಈ ಮಿತಿ 35,000. ಆದರೆ ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೆಳಗಿನ ಜಾವ ಮೀನು ಕೊಳ್ಳುವವರು ಹೆದರಬೇಕಾಗಿಲ್ಲ: ಮೀನುಗಾರರಿಂದ ನೇರವಾಗಿ ಕೊಂಡ ಮೀನಿಗೆ, ಬೆಳೆದವರಿಂದ ನೇರವಾಗಿ ಕೊಂಡ ಕೃಷಿ ಉತ್ಪನ್ನಕ್ಕೆ ಈ ನಗದು ಮಿತಿಯಿಂದ ವಿನಾಯಿತಿ ಇದೆ. ನಡುವಿನ ವ್ಯಾಪಾರಿಯಿಂದ ಕೊಂಡರೆ ವಿನಾಯಿತಿ ಇಲ್ಲ. ಆದ್ದರಿಂದ ಯಾರಿಂದ, ಯಾವ ದೋಣಿಯಿಂದ ಕೊಂಡಿರಿ ಎಂಬುದನ್ನು ಚೀಟಿಯಲ್ಲಿ ಬರೆದಿಡಿ.

ಬೈಕಂಪಾಡಿಯಂಥ ಕಡೆಯ ಸಣ್ಣ ಉತ್ಪಾದಕರಿಂದ ಸಾಮಗ್ರಿ ತರಿಸುವವರು ಗಮನಿಸಬೇಕಾದದ್ದು ಮತ್ತೊಂದಿದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರುವ ಕಿರು ಮತ್ತು ಸಣ್ಣ ಘಟಕಗಳಿಗೆ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಗಡುವು ಮೀರಿ, ವರ್ಷ ಮುಗಿದರೂ ಬಾಕಿ ಉಳಿದ ಮೊತ್ತ ಆ ವರ್ಷದ ಖರ್ಚಾಗದು; ಕೊಟ್ಟ ವರ್ಷದಲ್ಲಿ ಖರ್ಚಾಗುತ್ತದೆ.

ನಾಲ್ಕನೆಯ ಹೆಜ್ಜೆ: ಅಂದಾಜು ಲಾಭದ ಪದ್ಧತಿ ನಿಮಗೆ ಹೊಂದುತ್ತದೆಯೇ?

ಪೂರ್ತಿ ಲೆಕ್ಕಪುಸ್ತಕ ಇಡುವುದು ಕಷ್ಟ ಎನ್ನುವವರಿಗೆ ಕಾನೂನೇ ದಾರಿ ಕೊಟ್ಟಿದೆ. ಸೆಕ್ಷನ್ 44ಎಡಿ ಪ್ರಕಾರ ವಾರ್ಷಿಕ ವಹಿವಾಟು 2 ಕೋಟಿಯೊಳಗಿದ್ದರೆ, ನಗದಾಗಿ ಬಂದ ಮಾರಾಟದ ಹಣದಲ್ಲಿ ಕನಿಷ್ಠ ಶೇ 8, ಯುಪಿಐ, ಕಾರ್ಡ್, ಚೆಕ್ ಮೂಲಕ ಬಂದದ್ದರಲ್ಲಿ ಕನಿಷ್ಠ ಶೇ 6 ಲಾಭವೆಂದು ಘೋಷಿಸಬಹುದು. ನಗದು ಒಟ್ಟು ವಹಿವಾಟಿನ ಶೇ 5 ಮೀರದಿದ್ದರೆ 2 ಕೋಟಿಯ ಮಿತಿ 3 ಕೋಟಿಗೆ ಏರುತ್ತದೆ. ಉದ್ದರಿ ಕೊಟ್ಟ ಹಣ ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಬ್ಯಾಂಕ್ ಮೂಲಕ ವಸೂಲಾದರೆ ಅದಕ್ಕೂ ಶೇ 6 ಸಾಕು.

ನಮ್ಮ ಬಟ್ಟೆ ವ್ಯಾಪಾರಿಯ 64 ಲಕ್ಷದಲ್ಲಿ 48 ಲಕ್ಷ ಬ್ಯಾಂಕ್ ಮೂಲಕ, 16 ಲಕ್ಷ ನಗದು ಎಂದರೆ, 2.88 ಲಕ್ಷ ಮತ್ತು 1.28 ಲಕ್ಷ ಸೇರಿ 4.16 ಲಕ್ಷ ಕನಿಷ್ಠ ಲಾಭ.

ಇಲ್ಲಿ ಕನಿಷ್ಠ ಎಂಬ ಪದವನ್ನು ದಯವಿಟ್ಟು ಗಮನಿಸಿ. ಶೇ 6 ಅಥವಾ 8, ಇಲ್ಲವೇ ನಿಜವಾಗಿ ಗಳಿಸಿದ್ದು ಅದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಮೊತ್ತ, ಇದು ಕಾನೂನಿನ ಭಾವ. 9.50 ಲಕ್ಷ ಗಳಿಸಿ 4.16 ಲಕ್ಷ ಬರೆಯುವುದರಿಂದ ಏನು ಸಿಗುತ್ತದೆ? ಹೊಸ ತೆರಿಗೆ ಪದ್ಧತಿಯಲ್ಲಿ ಎರಡಕ್ಕೂ ತೆರಿಗೆ ಸೊನ್ನೆಯೇ. ಆದರೆ ಐದು ವರ್ಷದ ನಂತರ ಮಣಿಪಾಲದಲ್ಲಿ ಮನೆ ಕೊಳ್ಳಲು ಸಾಲ ಕೇಳಿದಾಗ ಬ್ಯಾಂಕಿನವರು ನೋಡುವುದು ಹಿಂದಿನ ರಿಟರ್ನ್‌ಗಳನ್ನು, 4.16 ಲಕ್ಷಕ್ಕೆ ತಕ್ಕ ಸಾಲವನ್ನಷ್ಟೇ ಕೊಡುತ್ತಾರೆ. ಚಿನ್ನ, ಜಾಗ ಕೊಂಡಾಗ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದರೆ ತೋರಿಸಲು ಕಾಗದದಲ್ಲಿ ಆದಾಯವೇ ಇರುವುದಿಲ್ಲ. ಕಡಿಮೆ ಬರೆಯುವ ಚಾಳಿ ಹಳೆಯ ದರಗಳ ಕಾಲದಲ್ಲಿ ಬೆಳೆದದ್ದು. ಅದನ್ನು ಬಿಡಿ ಎಂದು ನಾನು ಎದುರು ಕೂತ ಪ್ರತಿಯೊಬ್ಬರಿಗೂ ಹೇಳುತ್ತೇನೆ, ಕೆಲವರಿಗೆ ಬೇಸರವಾದರೂ.

ಎಲ್ಲರಿಗೂ ಈ ಬಾಗಿಲು ತೆರೆದಿಲ್ಲ. ಕಮಿಷನ್, ದಲ್ಲಾಳಿ, ಏಜೆನ್ಸಿ ಆದಾಯದವರಿಗೆ 44ಎಡಿ ಇಲ್ಲ. ಬಂದರಿನಲ್ಲಿ ಮೀನು ಹರಾಜು ಹಾಕಿ ಕಮಿಷನ್ ಪಡೆಯುವವರು, ಅಡಿಕೆಯ ಕಮಿಷನ್ ಏಜೆಂಟರು, ವಿಮಾ ಏಜೆಂಟರು ಲೆಕ್ಕ ಇಡಲೇಬೇಕು. ಎಲ್‌ಎಲ್‌ಪಿಗೂ ಇಲ್ಲ. ಪಾಲುದಾರಿಕೆ ಸಂಸ್ಥೆಗೆ ಇದೆ, ಆದರೆ ಅಂದಾಜು ಲಾಭದಿಂದ ಪಾಲುದಾರರ ಸಂಬಳ, ಬಡ್ಡಿ ಕಳೆಯಲಾಗದು, ನೇರ ಶೇ 30 ಬೀಳುತ್ತದೆ. ಹೀಗಾಗಿ ಬಹುಪಾಲು ಸಂಸ್ಥೆಗಳಿಗೆ ಲೆಕ್ಕಪುಸ್ತಕವೇ ಲಾಭ.

ವೈದ್ಯರು, ವಕೀಲರು, ಎಂಜಿನಿಯರು, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕರು, ಒಳಾಂಗಣ ವಿನ್ಯಾಸಕರು ಮುಂತಾದವರಿಗೆ 44ಎಡಿಎ ಇದೆ. ಗಳಿಕೆ 50 ಲಕ್ಷದೊಳಗೆ (ನಗದು ಶೇ 5ರೊಳಗಿದ್ದರೆ 75 ಲಕ್ಷ) ಇದ್ದರೆ ಅದರಲ್ಲಿ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಬೇಕು. ಟೆಂಪೊ, ಲಾರಿ ಇರುವವರಿಗೆ 44ಎಇ: ವರ್ಷದ ಯಾವುದೇ ಸಮಯದಲ್ಲೂ ಹತ್ತಕ್ಕಿಂತ ಹೆಚ್ಚು ವಾಹನಗಳು ಇಲ್ಲದವರು ಒಂದೊಂದು ಸಣ್ಣ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯ ತೋರಿಸಬಹುದು. 12 ಟನ್ ಮೀರಿದ ಭಾರಿ ವಾಹನಕ್ಕಾದರೆ ತಿಂಗಳಿಗೆ ಟನ್‌ಗೆ 1,000. ಎರಡು ಟೆಂಪೊ ಇಡೀ ವರ್ಷ ಕೈಯಲ್ಲಿದ್ದರೆ 1.80 ಲಕ್ಷ.

44ಎಡಿಯಲ್ಲಿ ಒಂದು ಬಿಗಿ ಇದೆ. ಒಮ್ಮೆ ಆಯ್ದುಕೊಂಡು, ಮುಂದಿನ ಐದು ವರ್ಷಗಳ ನಡುವೆ ಯಾವುದಾದರೂ ವರ್ಷ ಕನಿಷ್ಠಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಂದರೆ, ಅಲ್ಲಿಂದ ಐದು ವರ್ಷ ಮತ್ತೆ ಒಳಗೆ ಪ್ರವೇಶವಿಲ್ಲ. ಒಟ್ಟು ಆದಾಯ ವಿನಾಯಿತಿ ಮಿತಿ ದಾಟಿದ್ದರೆ ಲೆಕ್ಕಪುಸ್ತಕವೂ ಲೆಕ್ಕಪರಿಶೋಧನೆಯೂ ಕಡ್ಡಾಯ. ಮೀನು ಸಿಗದ ವರ್ಷದಲ್ಲಿ ದೋಣಿಯವರಿಗೆ ನಿಜಕ್ಕೂ ನಷ್ಟವಾಗುತ್ತದೆ, ಅಂದಾಜು ಪದ್ಧತಿಯಲ್ಲಿ ನಷ್ಟಕ್ಕೆ ಜಾಗವಿಲ್ಲ. ಲೆಕ್ಕ ಇಟ್ಟು, ಗಡುವಿನೊಳಗೆ ರಿಟರ್ನ್ ಹಾಕಿದವರು ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಒಳ್ಳೆಯ ವರ್ಷದ ಲಾಭದಲ್ಲಿ ಕಳೆಯಬಹುದು. ಏರಿಳಿತ ಹೆಚ್ಚಿರುವ ಕಸುಬಿನವರಿಗೆ ನಾನು ಲೆಕ್ಕಪುಸ್ತಕದ ದಾರಿಯನ್ನೇ ಹೇಳುವುದು ಇದಕ್ಕಾಗಿ.

ಐದನೆಯ ಹೆಜ್ಜೆ: ತೆರಿಗೆಯ ಮೊತ್ತ

ಹೊಸ ಪದ್ಧತಿ ತಾನಾಗಿಯೇ ಅನ್ವಯಿಸುತ್ತದೆ. 4 ಲಕ್ಷದವರೆಗೆ ತೆರಿಗೆ ಇಲ್ಲ. ಅಲ್ಲಿಂದ 8 ಲಕ್ಷದವರೆಗೆ ಶೇ 5, 12 ಲಕ್ಷದವರೆಗೆ ಶೇ 10, 16 ಲಕ್ಷದವರೆಗೆ ಶೇ 15, 20 ಲಕ್ಷದವರೆಗೆ ಶೇ 20, 24 ಲಕ್ಷದವರೆಗೆ ಶೇ 25, ಅದರ ಮೇಲೆ ಶೇ 30. ಒಟ್ಟು ಆದಾಯ 12 ಲಕ್ಷ ಮೀರದ ನಿವಾಸಿಗಳಿಗೆ 60,000ದವರೆಗಿನ ತೆರಿಗೆಗೆ ರಿಯಾಯಿತಿ ಸಿಗುವುದರಿಂದ ಅವರು ಕಟ್ಟಬೇಕಾದದ್ದು ಸೊನ್ನೆ. 12 ಲಕ್ಷವನ್ನು ಸ್ವಲ್ಪವೇ ದಾಟಿದವರಿಗೂ ರಕ್ಷಣೆ ಇದೆ: 12.10 ಲಕ್ಷ ಆದಾಯಕ್ಕೆ 61,500 ಅಲ್ಲ, ದಾಟಿದ 10,000 ಮತ್ತು ಸೆಸ್ ಸೇರಿ 10,400 ಮಾತ್ರ. ಸುಮಾರು 12.70 ಲಕ್ಷದವರೆಗೆ ಈ ರಕ್ಷಣೆ ಇರುತ್ತದೆ. ಷೇರು ಮಾರಾಟದ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಸಿಗದು.

ವಿಮೆ, ಪಿಪಿಎಫ್, ಮನೆ ಸಾಲದ ಬಡ್ಡಿ ಇವನ್ನೆಲ್ಲ ಕಳೆಯುವ ಹಳೆಯ ಪದ್ಧತಿ ಬೇಕೆನ್ನುವ ವ್ಯಾಪಾರಿಗಳು ಗಡುವಿನೊಳಗೆ 10-ಐಇಎ ನಮೂನೆ ಸಲ್ಲಿಸಬೇಕು. ಸಂಬಳದಾರರಂತೆ ವರ್ಷ ವರ್ಷ ಅತ್ತಿತ್ತ ಜಿಗಿಯುವ ಸ್ವಾತಂತ್ರ್ಯ ವ್ಯಾಪಾರದ ಆದಾಯವಿರುವವರಿಗೆ ಇಲ್ಲ. ಒಮ್ಮೆ ಹೊಸದಕ್ಕೆ ಮರಳಿದರೆ, ವ್ಯಾಪಾರ ಇರುವವರೆಗೆ ಹಳೆಯದಕ್ಕೆ ದಾರಿ ಮುಚ್ಚಿದಂತೆ.

ತೋಟ ಇರುವವರ ಲೆಕ್ಕ

ಇದಕ್ಕೆ ಬೇರೆಯೇ ಜಾಗ ಕೊಡಬೇಕು, ಏಕೆಂದರೆ ನಮ್ಮಲ್ಲಿ ಅಂಗಡಿ ಬಜ್ಪೆಯಲ್ಲಿ, ಅಡಿಕೆ ತೋಟ ಕಾರ್ಕಳದಲ್ಲಿ ಎಂಬವರು ಬಹಳ. ಸ್ವಂತ ತೋಟದ ಅಡಿಕೆ, ತೆಂಗು, ಶಂಕರಪುರ ಮಲ್ಲಿಗೆ ಬೆಳೆದು ಮಾರಿದ್ದು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೇರೆಯವರಿಂದ ಅಟ್ಟೆಗಟ್ಟಲೆ ಮಲ್ಲಿಗೆ ಕೊಂಡು ಮಾರುವುದು, ಅಡಿಕೆ ಕೊಂಡು ಮಾರುವುದು ವ್ಯಾಪಾರ. ಸಮುದ್ರದ ಮೀನುಗಾರಿಕೆಯೂ ವ್ಯಾಪಾರವೇ, ಕೃಷಿಯಲ್ಲ.

ತೆರಿಗೆ ಇಲ್ಲದಿದ್ದರೂ ಕೃಷಿ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಅದು 5,000 ದಾಟಿ, ಉಳಿದ ಆದಾಯ ವಿನಾಯಿತಿ ಮಿತಿಯನ್ನೂ ದಾಟಿದ್ದರೆ, ದರ ನಿರ್ಧರಿಸಲು ಎರಡನ್ನೂ ಕೂಡಿಸುತ್ತಾರೆ. ಅಂಗಡಿಯ ಲಾಭ 11 ಲಕ್ಷ, ತೋಟದ್ದು 3 ಲಕ್ಷ ಎನ್ನಿ. 14 ಲಕ್ಷಕ್ಕೆ ತೆರಿಗೆ 90,000. ಕೃಷಿಯ 3 ಲಕ್ಷಕ್ಕೆ ವಿನಾಯಿತಿಯ 4 ಲಕ್ಷ ಸೇರಿಸಿದ 7 ಲಕ್ಷಕ್ಕೆ 15,000. ಕಳೆದರೆ 75,000. ರಿಯಾಯಿತಿ 60,000ಕ್ಕೆ ನಿಲ್ಲುತ್ತದೆ. ಉಳಿದ 15,000 ಮತ್ತು ಸೆಸ್ ಸೇರಿ 15,600 ಕಟ್ಟಬೇಕು. "12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ" ಎಂದು ನಿಶ್ಚಿಂತೆಯಿಂದ ಇದ್ದವರಿಗೆ ಇದು ಆಘಾತವಾಗುತ್ತದೆ. ಫಸಲು ಮಾರಿದ ರಸೀದಿಗಳನ್ನು, ಗೊಬ್ಬರ, ಔಷಧಿ ಸಿಂಪಡಣೆ, ಕೊಯ್ಲಿನ ಕೂಲಿಯ ಲೆಕ್ಕವನ್ನು ಇಟ್ಟುಕೊಳ್ಳಿ, ಕೃಷಿ ಆದಾಯವೆಂದರೆ ಖರ್ಚು ಕಳೆದ ಮೇಲಿನದು.

ಆರನೆಯ ಹೆಜ್ಜೆ: ಮುಂಗಡ ತೆರಿಗೆ

ವರ್ಷದ ತೆರಿಗೆ 10,000 ಅಥವಾ ಹೆಚ್ಚು ಆಗುವಂತಿದ್ದರೆ ವರ್ಷ ಮುಗಿಯುವ ಮೊದಲೇ ಕಟ್ಟಬೇಕು. ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. 44ಎಡಿ, 44ಎಡಿಎ ಆಯ್ದುಕೊಂಡವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು. ತಪ್ಪಿದರೆ ತಿಂಗಳಿಗೆ ಶೇ 1 ಬಡ್ಡಿ.

ದೋಣಿಯವರಿಗೆ ಮೊದಲ ಕಂತು ಕಷ್ಟದ ಸಮಯದಲ್ಲೇ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ದೋಣಿಗಳು ದಡದಲ್ಲಿ, ಬಲೆ ದುರಸ್ತಿಯ ಖರ್ಚು ಎದುರಿನಲ್ಲಿ. ಮದುವೆ ಅಡುಗೆಯ ಗುತ್ತಿಗೆಯವರಿಗೂ ಆಷಾಢದಲ್ಲಿ ಕೈ ಖಾಲಿ. ಇದಕ್ಕೆ ಉಪಾಯ ನಮ್ಮ ಜಿಲ್ಲೆಯಲ್ಲೇ ಹುಟ್ಟಿದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು; ಸಣ್ಣ ಗಳಿಕೆಯವರ ಬಳಿಗೆ ದಿನವೂ ಹೋಗಿ ಎರಡಾಣೆಯಂಥ ಸಣ್ಣ ಮೊತ್ತವನ್ನೂ ಕೂಡಿಸುವ ಯೋಜನೆ ಅದು. ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿಯ ಅಭ್ಯಾಸ ಸಹಕಾರಿ ಸಂಘಗಳಲ್ಲಿ ಉಳಿದಿದೆ. ತೆರಿಗೆಗೆಂದೇ ಒಂದು ಪಿಗ್ಮಿ ಮಾಡಿ. ವರ್ಷಕ್ಕೆ 60,000 ತೆರಿಗೆ ಬರುವವರು ವ್ಯಾಪಾರ ಇರುವ 300 ದಿನ 200 ರೂಪಾಯಿಯಂತೆ ಹಾಕಿದರೆ ಮಾರ್ಚ್‌ನಲ್ಲಿ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಅದರ ಬಡ್ಡಿಯನ್ನೂ ಆದಾಯದಲ್ಲಿ ಸೇರಿಸಬೇಕು.

ಏಳನೆಯ ಹೆಜ್ಜೆ: ಜಿಎಸ್‌ಟಿಯೊಡನೆ ತಾಳೆ

ಜಿಎಸ್‌ಟಿ ಬೇರೆ ಕಾನೂನು, ಆದರೆ ಎರಡೂ ಕಡೆ ಬರೆದ ವಹಿವಾಟು ಒಂದಕ್ಕೊಂದು ಹೊಂದಬೇಕು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ನಮ್ಮ ಬಟ್ಟೆ ವ್ಯಾಪಾರಿಗೆ 64 ಲಕ್ಷ ವಹಿವಾಟು ಇರುವುದರಿಂದ ನೋಂದಣಿ ಬೇಕೇ ಬೇಕು. ಹಸಿ ಮೀನು, ತಾಜಾ ತರಕಾರಿಯಂಥ ಜಿಎಸ್‌ಟಿ ಇಲ್ಲದ ಸರಕು ಮಾತ್ರ ಮಾರುವವರಿಗೆ ನೋಂದಣಿ ಬೇಕಾಗಿಲ್ಲ, ಆದರೆ ಆದಾಯ ತೆರಿಗೆಯಿಂದ ಅವರಿಗೆ ಬಿಡುಗಡೆ ಇಲ್ಲ. ಎರಡನ್ನೂ ಒಂದೇ ಎಂದು ತಿಳಿದು ರಿಟರ್ನ್ ಹಾಕದೆ ಉಳಿದ ಮೀನು ಮಾರುವ ಅಕ್ಕಂದಿರನ್ನು ಕಂಡಿದ್ದೇನೆ.

ಎಂಟನೆಯ ಹೆಜ್ಜೆ: ರಿಟರ್ನ್ ಸಲ್ಲಿಕೆ

ಅತ್ತಾವರದ ಆದಾಯ ತೆರಿಗೆ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ, ಎಲ್ಲವೂ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ನಡೆಯುತ್ತದೆ. ಮೊದಲು ಅಲ್ಲಿ ವಾರ್ಷಿಕ ಮಾಹಿತಿ ಪಟ್ಟಿಯನ್ನೂ 26ಎಎಸ್ ನಮೂನೆಯನ್ನೂ (ನಿಮ್ಮ ಪಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ತೆರೆದು ನೋಡಿ. ಬ್ಯಾಂಕ್ ಬಡ್ಡಿ, ಟಿಡಿಎಸ್, ಜಾಗದ ಖರೀದಿ ಮುಂತಾದವು ಇಲಾಖೆಗೆ ಮೊದಲೇ ತಿಳಿದಿರುತ್ತವೆ. ವರ್ಷದಲ್ಲಿ ಉಳಿತಾಯ ಖಾತೆಗೆ 10 ಲಕ್ಷ ಅಥವಾ ಹೆಚ್ಚು, ಚಾಲ್ತಿ ಖಾತೆಗೆ 50 ಲಕ್ಷ ಅಥವಾ ಹೆಚ್ಚು ನಗದು ತುಂಬಿದರೆ ಬ್ಯಾಂಕ್ ಅದನ್ನೂ ತಿಳಿಸುತ್ತದೆ. ತಪ್ಪು ಮಾಹಿತಿ ಕಂಡರೆ ಅಲ್ಲಿಯೇ ಆಕ್ಷೇಪ ದಾಖಲಿಸಿ.

ಅಂದಾಜು ಪದ್ಧತಿಯವರಿಗೆ ಐಟಿಆರ್-4, ಒಟ್ಟು ಆದಾಯ 50 ಲಕ್ಷದೊಳಗಿದ್ದರೆ. ಕೃಷಿ ಆದಾಯ 5,000 ದಾಟಿದವರು ಐಟಿಆರ್-4 ಬಳಸುವಂತಿಲ್ಲ, ಐಟಿಆರ್-3 ತುಂಬಬೇಕು. ತೋಟದವರು ಹೆಚ್ಚಾಗಿ ಎಡವುವುದು ಇಲ್ಲೇ. ಲೆಕ್ಕಪುಸ್ತಕ ಇಟ್ಟ ಒಂಟಿ ಮಾಲೀಕರಿಗೂ ಐಟಿಆರ್-3. ಲೆಕ್ಕಪುಸ್ತಕ ಇಟ್ಟ ಪಾಲುದಾರಿಕೆ ಸಂಸ್ಥೆಗೆ ಐಟಿಆರ್-5, ಅದರ ಪಾಲುದಾರರಿಗೆ ಐಟಿಆರ್-3. ಐಟಿಆರ್-4ರಲ್ಲೂ ಮಾರ್ಚ್ 31ರಂದು ಇದ್ದ ಸರಕು, ಕೈಯಲ್ಲಿದ್ದ ನಗದು, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ ತುಂಬಬೇಕು. ಬಾಯಿಗೆ ಬಂದ ಸಂಖ್ಯೆ ಹಾಕಬೇಡಿ, ಮುಂದಿನ ವರ್ಷ ಅದಕ್ಕೆ ತಾಳೆ ಕೂಡಿಸಲು ಒದ್ದಾಡಬೇಕಾಗುತ್ತದೆ.

ಲೆಕ್ಕಪರಿಶೋಧನೆ ಬೇಕಿಲ್ಲದವರು ಜುಲೈ 31ನ್ನೇ ಗುರಿಯಾಗಿ ಇಟ್ಟುಕೊಳ್ಳಿ. ಸರ್ಕಾರ ಗಡುವು ಮುಂದೂಡಿದರೂ ನೀವು ಕಾಯಬೇಡಿ. ಅಂದಾಜು ಪದ್ಧತಿಯಲ್ಲಿ ಇಲ್ಲದೆ ವಹಿವಾಟು 1 ಕೋಟಿ ದಾಟಿದರೆ ಚಾರ್ಟರ್ಡ್ ಅಕೌಂಟೆಂಟರಿಂದ ಲೆಕ್ಕಪರಿಶೋಧನೆ ಆಗಬೇಕು. ಬಂದ ನಗದೂ ಕೊಟ್ಟ ನಗದೂ ಶೇ 5 ಮೀರದಿದ್ದರೆ ಆ ಮಿತಿ 10 ಕೋಟಿ. ತಡವಾದ ರಿಟರ್ನ್‌ಗೆ 5,000 ರೂಪಾಯಿ ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಬಾಕಿ ತೆರಿಗೆ ಇದ್ದರೆ ಚಲನ್ ಮೂಲಕ ಕಟ್ಟಿ, ಅದರ ಸಂಖ್ಯೆ ತುಂಬಿ ಸಲ್ಲಿಸಿ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿ. ದೃಢೀಕರಿಸದ ರಿಟರ್ನ್ ಸಲ್ಲಿಸಿದ ಲೆಕ್ಕಕ್ಕೇ ಬರುವುದಿಲ್ಲ.

ಲೆಕ್ಕಪುಸ್ತಕ, ಬಿಲ್ಲುಗಳನ್ನು ಸಂಬಂಧಪಟ್ಟ ನಿರ್ಧರಣಾ ವರ್ಷ ಮುಗಿದ ಮೇಲೂ ಆರು ವರ್ಷ ಇಟ್ಟುಕೊಳ್ಳಬೇಕು. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಸು ಹಿಡಿಯುತ್ತದೆ, ಹಳೆಯ ಅಟ್ಟಗಳಲ್ಲಿ ಗೆದ್ದಲು ಬರುತ್ತದೆ, ಯಂತ್ರದಿಂದ ಬರುವ ಥರ್ಮಲ್ ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಬಿಲ್ಲು ಕೈಗೆ ಬಂದ ದಿನವೇ ಮೊಬೈಲ್‌ನಲ್ಲಿ ಚಿತ್ರ ತೆಗೆದು ತಿಂಗಳವಾರು ಕಡತದಲ್ಲಿ ಇರಿಸಿ. ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ವರ್ಷ ಬರೆದು, ನೆಲದಿಂದ ಎತ್ತರದ ಕಪಾಟಿನಲ್ಲಿ ಇಡಿ.